ಐದನೇ ಕೊಯ್ತ

ಬನಹಟ್ಟಿಯಾಗ ಕರೆಂಟು ಇರೋತನಕ
ಯಾರ ಮಾತೂ ಯಾರಿಗೂ ಕೇಳೂದಿಲ್ಲ.
ಓಣಿ ತುಂಬ ಪಾವರ್‌ಲೂಮು,
ನಡುವ ನನ್ನ ಗರಗಸದ ಮೇಜು.
ಕಾಳಪ್ಪಜ್ಜ ಅದಕ್ಕೇ ಕೈಸನ್ನಿಲೇ ಕಲಿಸಿದ,
ತುಂಡಾದ ತೋರುಬೆರಳು ತೋರಿಸಿ
ಇಲ್ಲಿ ಕೈ ಇಡಬ್ಯಾಡ ಅಂತ.

ಹೋದ ಶ್ರಾವಣದಾಗ
ದಾನವ್ವನ ಕೈಮಗ್ಗಕ್ಕ ನಾ ಮಾಡಿಕೊಟ್ಟ ಲಾಳಿಪೆಟಗಿ
ಬರೇ ಕಣ್ಣಳತಿ, ಬರೇ ಅವಸರ.
ನೋಡಾಕ ನೆಟ್ಟಗಿತ್ತು.
ನೆಟ್ಟಗಿಲ್ಲಂತ ಲಾಳಿಗೆ ಮಾತ್ರ ಗೊತ್ತಿತ್ತು.
ಹನ್ನೊಂದನೇ ದಿನ ಹಾರಿ ಬಂದು
ಅಕಿ ಹುಬ್ಬಿಗೆ ಬಡೀತು.
ಮೂರು ಹೊಲಿಗಿ.
ದಾನವ್ವ ಬಾಕಿ ಇದ್ದ ಇನ್ನೂರು ರೂಪಾಯಿ ತಂದು ಕೊಟ್ಟು
"ಎಡಗಡೆದು ಇನ್ನೊಂದು ಮಾಡಿಕೊಡು" ಅಂದ್ಲು.
ಬೈದಿದ್ರ ಚೊಲೊ ಇತ್ತು.

ಅವತ್ತ ರಾತ್ರಿ ಜಾರುಮಣಿ ಮಾಡಾಕ ಕುಂತೆ.
(ಅಂಗಡಿಯವರು ಸ್ಲೆಡ್ ಅಂತಾರ. ಜಾರತದ, ಮಣಿಯಂಗ ಐತಿ,
ನಮಗ ಜಾರುಮಣಿ.)
ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನ ತಳ,
ತಳದ ಅಡಿಗೆ ಎರಡು ಸಾಗವಾನಿ ಪಟ್ಟಿ.
ಮೇಜಿನ ಜಾಡಿನ್ಯಾಗ ಅವು
ಅಲುಗಬಾರದು, ಹಿಡೀಲೂಬಾರದು,
ಹೊಸ ಬೀಗರ ಮನಿಯಾಗ ಓಡಾಡಿಧಂಗ.
ಮೇಣ ತಿಕ್ಕಿದೆ.
ಆ ಕಡೆಗೊಂದು ಗೋಡಿ, ತಳ ಎರಡು ಹೋಳಾಗಧಂಗ ಹಿಡಿಯಾಕಷ್ಟ.
ನನ್ನ ಕಡೆಗೊಂದು ಗೋಡಿ. ಅದ ಎಲ್ಲಾ.
ಕಟಗಿ ಬೆನ್ನು ಕೊಟ್ಟು ನಿಲ್ಲೂದು ಅದಕ್ಕ.
ಗರಗಸ ಏಳಿಸಿ ಒಮ್ಮೆ ದೂಡಿದೆ,
ತಳದಾಗ ಬೈತಲಿಯಂಥ ಒಂದು ಸೀಳು ಬಿತ್ತು.
ಹಲ್ಲು ಎಲ್ಲಿ ಹಾಯತದ ಅಂತ
ಇನ್ನ ಯಾರನ್ನೂ ಕೇಳೂ ಕೆಲಸಿಲ್ಲ.

ಗುಣ್ಯಾ ಹಚ್ಚಿ ನೋಡಿದೆ. ಸಂದಿನ್ಯಾಗ ಬೆಳಕಿಲ್ಲ.
ಅಜ್ಜ ಅರ್ಧ ಬೆರಳು ಅಲ್ಲಾಡಿಸಿದ.
ಗುಣ್ಯಾ ಸಣ್ಣ ತಪ್ಪು ಹೊಟ್ಟಿಗಿ ಹಾಕ್ಕೋತದ.
ಹಲಗಿ ತಗೊ. ಒಂದು ಮೈ ಕೊಯ್ಯಿ,
ಕೊಯ್ದ ಮೈ ಗೋಡಿಗಿ ತಿರುವು,
ಮತ್ತ ಕೊಯ್ಯಿ, ಮತ್ತ ತಿರುವು,
ನಾಕೂ ಮುಗದ ಮ್ಯಾಲ
ಮೊದಲಿನ ಮೈಯಿಂದನ ಇನ್ನೊಂದು ಪಟ್ಟಿ ತಗಿ.
ನಾಕು ಸಲದ ತಪ್ಪು ಒಂದರ ಹೆಗಲ ಮ್ಯಾಲೊಂದು ಕುಂತು
ಐದನೇದ್ರಾಗ ಹೊರಗ ಬರತದ.

ಪಟ್ಟಿ ನಡುವ ಮುರದು ಎರಡೂ ತುದಿ ಜೋಡಿಸಿದೆ.
ಉಗುರು ತಡೀತು.
ವರ್ನಿಯರ್ ನನ್ನ ಹಂತ್ಯಾಕಿಲ್ಲ;
ಬನಹಟ್ಟಿಯಾಗ ನೂಲಿಗೇನು ಬರ?
ಸಣ್ಣ ತುದಿ ಕೆಳಗ ಎಳಿ ಇಟಗೋತ ಹೋದೆ,
ಒಂದು, ಎರಡು, ಮೂರು. ನಾಕಕ್ಕ ಸಮ ಆತು.
ನಾಕನ್ನ ನಾಕರಿಂದ ಭಾಗಿಸಿದ್ರ
ಹಲಗಿ ಉದ್ದಕ್ಕ ಒಂದು ಎಳಿ ಸೊಟ್ಟ.
ಒಂದು ಎಳಿ ಅಂದ್ರ ಏನಂತ
ಹುಬ್ಬಿಗಿ ಹೊಲಿಗಿ ಹಾಕಿಸಿಕೊಂಡಾಕಿನ್ನ ಕೇಳಬೇಕು.

ಒಂದು ಸ್ಕ್ರೂ ಸಡ್ಲ ಮಾಡಿ
ಅದ ಎಳಿ ಅಳತಿಗೆ ಗೋಡಿ ಸರಸಿದೆ,
ತುಂಬಿದ ಹಾಲಿನ ಗಡಗಿ ಸರಸಿಧಂಗ.
ಮತ್ತ ಐದು ಕೊಯ್ತ. ಮತ್ತ ಮುರದೆ, ಜೋಡಿಸಿದೆ.
ಉಗುರು ತಡೀಲಿಲ್ಲ.
ಅಜ್ಜ ಎಲಿಅಡಿಕಿ ಚೀಲ ಬಿಚ್ಚಿದ.

ಮುಂಜಾನೆ ಮತ್ತಿ ಹಲಗಿ ಕೊಯ್ದೆ,
ಎರಡೂ ಅಂಗೈ ಗೋಡಿ ಮ್ಯಾಲ, ಹಲ್ಲಿನಿಂದ ಗೇಣು ದೂರ.
ಹತ್ತೂ ಬೆರಳು ಎಣಿಸಿಕೊಂಡು ಊಟಕ್ಕ ಹೋದೆ.
ಸಂಜಿಕ ಪೆಟಗಿ ಕೂಡಿಸಿ ಕೊಟ್ಟು ಬಂದೆ.
ದಾನವ್ವ ಒಳಮೈ ಸವರಿ ನೋಡಿದ್ಲು. ಏನೂ ಅನಲಿಲ್ಲ.
ಗಾಯ ಆದಲ್ಲಿ ಹುಬ್ಬು ಇನ್ನ ಹುಟ್ಟಿಲ್ಲ.

ಇವತ್ತ ಮೂರಕ್ಕ ಕರೆಂಟು ಹೋತು.
ಗರಗಸ ತಿರಗಿ ತಿರಗಿ ನಿಂತಿತು,
ಓಣಿ ಒಮ್ಮಿಗೇ ಬಾಯಿ ಮುಚ್ಚಿತು.
ನಾಕನೇ ಮನಿಯಿಂದ ಕೈಮಗ್ಗ:
ಖಟ್, ಎಡಕ್ಕ. ಖಟ್, ಬಲಕ್ಕ.
ಬಲಗಡೆದು ಹಳೇದು. ಅದೂ ನಾ ಮಾಡಿದ್ದ.
ಅರ್ಧ ಕೊಯ್ದ ಹಲಗಿ ಗೋಡಿಗಿ ಹಂಗ ಒತ್ತಿ ಹಿಡದು
ಎರಡೂ ಒಂದ ಥರಾ ಕೇಳತಾವೇನು ಅಂತ
ಕಿವಿ ಕೊಟ್ಟು ನಿಂತೀನಿ.